ಬೀದಿಗೆ ಹೇಳಿದ್ದು ಯಾರು

ಸೋಮವಾರ, ಬೆಳಿಗ್ಗೆ ಎಂಟೂಕಾಲು
ಅಡುಗೆಮನೆಯಿಂದ

ಪ್ರೀತಿಯ ಅಮ್ಮನಿಗೆ,

ಇಲ್ಲ, ನಾನು ಚಿಕ್ಕಪ್ಪನ ಬೆನ್ನಿಗೆ ಚೂರಿ ಹಾಕುತ್ತಿಲ್ಲ. ಮೇಸ್ತ್ರಿ ನನ್ನ ತಲೆ ಕೆಡಿಸಿಯೂ ಇಲ್ಲ. ಬಾಯಿಬಿಟ್ಟು ಹೇಳೋಣ ಅಂದರೆ ನೀನು ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ಅದಕ್ಕೇ ಬರೆಯುತ್ತಿದ್ದೇನೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ಸಹಿಸಿಕೊಂಡು ಓದು.

ಒಂಬತ್ತೂವರೆಗೆ ಪೊಲೀಸ್ ಸ್ಟೇಷನ್ನಿನಲ್ಲಿ ಇರಬೇಕು. ಹೋದ ವಾರ ನಾನು ರುಜು ಹಾಕಿದ ಕಾಗದದಲ್ಲಿರುವುದನ್ನು ಇವತ್ತು ಸಾಹೇಬರ ಮುಂದೆ ಬಾಯಲ್ಲಿ ಹೇಳಬೇಕು. ಚಿಕ್ಕಪ್ಪನ ಗ್ಯಾರೇಜಿನಲ್ಲಿ ಬ್ರೆಡ್ ವ್ಯಾನಿಗೆ ಚಕ್ರ ಹಾಕಿದ ದಿನ ಮೇಸ್ತ್ರಿ ಕುಡಿದಿದ್ದರು, ಹತ್ತಿರ ಹೋದರೆ ವಾಸನೆ ಹೊಡೆಯುತ್ತಿತ್ತು ಅಂತ. ನಾನು ಅದನ್ನು ಹೇಳುವುದಿಲ್ಲ. ಅವರು ಕುಡಿದಿರಲಿಲ್ಲ. ಅವತ್ತಲ್ಲ, ಯಾವತ್ತೂ ಅವರು ಕುಡಿದಿದ್ದನ್ನು ನಾನು ನೋಡಿಲ್ಲ.

ವಾಸನೆ ಇದ್ದದ್ದು ನಿಜ. ಬ್ರೇಕ್ ತೊಳೆಯುವ ಸ್ಪಿರಿಟ್ಟಿನ ವಾಸನೆ. ನನ್ನ ಅಂಗಿಯಲ್ಲೂ ಅದೇ ವಾಸನೆ. ಒಗೆಯುವವಳು ನೀನು, ನಿನಗೆ ಗೊತ್ತಿಲ್ಲವಾ?

ಶುರು ಮಾಡಿದವನು ನಾನೇ, ಒಪ್ಪಿಕೊಂಡೆ. ಮೇಸ್ತ್ರಿ ಸೊಂಟ ನೋವಿಗೆ ಒಂದು ಪಕ್ಕ ವಾಲಿಕೊಂಡು ನಡೆಯುತ್ತಾರೆ. ಒಂದು ದಿನ ಊಟಕ್ಕೆ ಕೂತಾಗ ನಾನೂ ಎದ್ದು ಹಾಗೇ ನಡೆದು ತೋರಿಸಿ, "ನಮ್ ಮೇಸ್ತ್ರಿ ಬೆಳಿಗ್ಗೆ ಬೆಳಿಗ್ಗೇನೇ ಟ್ಯಾಂಕ್ ಫುಲ್ ಮಾಡ್ಕೊಂಡು ಬರ್ತಾರಮ್ಮ" ಅಂದೆ. ನೀನು ನಕ್ಕು ನಕ್ಕು ನೀರು ನೆತ್ತಿಗೇರಿತು. ಅಪ್ಪ ಹೋದಮೇಲೆ ನೀನು ಹಾಗೆ ನಕ್ಕಿದ್ದು ಅವತ್ತೇ. ಅದಕ್ಕೇ ಮರುದಿನವೂ ನಡೆದು ತೋರಿಸಿದೆ.

ನನ್ನ ಪಾಲಿಗೆ ಅದು ಅಲ್ಲಿಗೆ ಮುಗಿದಿತ್ತು. ನೀನು ಚಿಕ್ಕಮ್ಮನಿಗೆ ಹೇಳಿದೆ. ಲಾಂಡ್ರಿಯಲ್ಲಿ ಇಸ್ತ್ರಿ ಒತ್ತುತ್ತಾ ಬಂದವರಿಗೆಲ್ಲ ಹೇಳಿದೆ. ಹೇಳುವಾಗ ನನ್ನ ಹಾಗೇ ನಡೆದೂ ತೋರಿಸಿದೆಯಂತೆ. ಆಮೇಲೆ ವ್ಯಾನಿನ ಚಕ್ರ ಕಳಚಿ, ವ್ಯಾನು ಗೋಡೆಗೆ ಗುದ್ದಿ, ಡ್ರೈವರಿನ ಕಾಲು ಎರಡು ಕಡೆ ಮುರಿಯಿತು. ಇನ್ಶೂರೆನ್ಸಿನವನು ನಿನ್ನ ಕೌಂಟರಿಗೇ ಬಂದು ವಿಚಾರಿಸಿದ. "ಅಯ್ಯೋ, ಅದು ಇಡೀ ಬೀದಿಗೇ ಗೊತ್ತಿರೋ ವಿಷಯ ಕಣಪ್ಪ" ಅಂದೆಯಂತೆ. ಬೀದಿಗೆ ಹೇಳಿದ್ದು ಯಾರಮ್ಮ?

ಚಿಕ್ಕಪ್ಪನಿಗೆ ಅಷ್ಟೇ ಸಾಕಾಯಿತು. ಕುಡುಕ ಮೇಸ್ತ್ರಿಯದು ತಪ್ಪು ಅಂತಾದರೆ ಗ್ಯಾರೇಜು ಉಳಿಯುತ್ತದೆ. ಕಾಗದ ಟೈಪ್ ಮಾಡಿಸಿ ತಂದು ಬಾನೆಟ್ಟಿನ ಮೇಲೆ ಇಟ್ಟರು. "ಊರೇ ಹೇಳ್ತಿರೋದನ್ನ ನೀನೂ ಹೇಳ್ತೀಯ ಅಷ್ಟೆ. ಹಾಕೋ ರುಜು, ಕೈಯೇನು ಸವೆದುಹೋಗಲ್ಲ" ಅಂದರು. ಹಾಕಿದೆ. ಪೂರ್ತಿ ಓದಲೂ ಇಲ್ಲ.

ಈಗ ಮೇಸ್ತ್ರಿಯನ್ನು ಮೂರು ಗ್ಯಾರೇಜಿನವರು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದ್ದಾರೆ. ಒಬ್ಬನಂತೂ ಅವರ ಬಾಯಿ ಮೂಸಿ ನೋಡಿದನಂತೆ, ಅರವತ್ತು ವರ್ಷದ ಮನುಷ್ಯನ ಬಾಯಿ. ಅವರ ಮೇಲೆ ಕೇಸ್ ಬಿದ್ದರೆ ಒಳಗೆ ಹಾಕುತ್ತಾರೆ. ಅವರ ಹೆಂಡತಿ ಸೀರೆ ತಗೊಂಡು ಬಂದರೆ ನೀನು ತಲೆ ಎತ್ತದೆ ಇಸ್ತ್ರಿ ಒತ್ತುತ್ತೀಯಂತೆ. ನಾಚಿಕೆ ನಿನಗೂ ಆಗುತ್ತಿದೆ, ನನಗೆ ಗೊತ್ತು. ಆದರೆ ಬಾಯಿ ಬಿಡುವುದಿಲ್ಲ.

ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ದೇವರ ಹತ್ತು ಆಜ್ಞೆ ಬಾಯಿಪಾಠ ಮಾಡಿಸಿದವಳು ನೀನು. ಕೊಲೆ ನೆನಪಿರುತ್ತಿತ್ತು, ಕಳ್ಳತನ ನೆನಪಿರುತ್ತಿತ್ತು, ಸುಳ್ಳು ಸಾಕ್ಷಿಗೆ ಬಂದಾಗ ಪ್ರತಿ ಸಲ ತಡವರಿಸುತ್ತಿದ್ದೆ. ಕಿವಿ ಹಿಂಡುತ್ತಿದ್ದೆ ನೀನು. ಈಗ ತಡವರಿಸದೆ ಹೇಳುತ್ತೇನೆ ಅಂದರೆ, "ಅದೆಲ್ಲ ಭಾನುವಾರಕ್ಕೆ ಕಣೋ, ಇದು ಸಂಸಾರ" ಅನ್ನುತ್ತೀಯ.

ಗೊತ್ತು, ಈ ಎರಡು ರೂಮು ಚಿಕ್ಕಪ್ಪನದು. ಗ್ಯಾರೇಜಿಗೆ ಬೀಗ ಬಿದ್ದರೆ ನಾವೂ ಗಂಟುಮೂಟೆ ಕಟ್ಟಬೇಕು. ನಿನಗೆ ಭಯ ಆಗುತ್ತದೆ, ನನಗೂ ಆಗುತ್ತದೆ. ನಿನ್ನೆಯಿಂದ ಒಂದು ಕಡೆ ಕೂರಲು ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಐದು ಸಲ ಎದ್ದು ಕಿಟಕಿ ಹತ್ತಿರ ಹೋಗಿ ಬಂದೆ.

ಹಾಗಾದರೆ ಆ ಚಕ್ರ ಬಿಗಿ ಮಾಡದೆ ಬಿಟ್ಟಿದ್ದು ಯಾರು ಅಂತ ಕೇಳಿದೆಯಲ್ಲ, ಅದು ಬೇರೆ ಮಾತು. ಅವತ್ತು ರಷ್ ಇತ್ತು. ಚಿಕ್ಕಪ್ಪ ಕೂಗಾಡುತ್ತಿದ್ದರು. ಯಾರದೋ ಕೈತಪ್ಪು. ಬಿಟ್ಟುಬಿಡು.

ನಿನ್ನ ಮೇಲೆ ಸಿಟ್ಟಿದೆ. ಆದರೂ ಸಾಹೇಬರ ಮುಂದೆ ನಿನ್ನ ಹೆಸರು ಎತ್ತುವುದಿಲ್ಲ. ನಿನ್ನ ಮಾತು ನೀನೇ ಹೋಗಿ ಹೇಳಬೇಕು. ಸಾಹೇಬರಿಗೆ ಬೇಡ, ಮೇಸ್ತ್ರಿಯ ಹೆಂಡತಿಗೆ ಹೇಳು. ಕೌಂಟರಿನಲ್ಲಿ ಎಲ್ಲರ ಮುಂದೆ ಹೇಳು. ಮೊದಲು ಹೇಳಿದ್ದೂ ಎಲ್ಲರ ಮುಂದೆಯೇ.

ಇಂತಿ,
ನೀನು ಹೆತ್ತು, ನೀನೇ ಬೈಯುವ
ಮೊಂಡ

ಮರೆತಿದ್ದು: ಮರೆತಿದ್ದಲ್ಲ, ಬರೆಯದೇ ಹೋಗೋಣ ಅಂದುಕೊಂಡಿದ್ದೆ. ಆ ಚಕ್ರ ಹಾಕಿದ್ದು ನಾನು. ವ್ಯಾನು ಜಾಕಿನ ಮೇಲಿರುವಾಗ ನಟ್ಟು ಒಂದು ಸುತ್ತು ಬಿಗಿ ಮಾಡಬೇಕು, ಕೆಳಗಿಳಿಸಿದ ಮೇಲೆ ಉದ್ದ ಸ್ಪ್ಯಾನರಿನಲ್ಲಿ ಇನ್ನೊಂದು ಸುತ್ತು. ಅದೂ ಆದಮೇಲೆ ನಟ್ಟಿನಿಂದ ಚಕ್ರದವರೆಗೆ ಹಳದಿ ಪೇಂಟಿನ ಗೆರೆ. ಗೆರೆ ಇದ್ದ ಚಕ್ರವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಡಬ್ಬಿ ಹೇಗೂ ತೆರೆದಿದೆಯಲ್ಲ ಅಂತ ನಾನು ಗೆರೆ ಮೊದಲೇ ಎಳೆದುಬಿಟ್ಟೆ. ವ್ಯಾನು ಕೆಳಗಿಳಿಸಿ ಉದ್ದ ಸ್ಪ್ಯಾನರ್ ತರುವಷ್ಟರಲ್ಲಿ ಚಿಕ್ಕಪ್ಪ ಇನ್ನೊಂದು ಗಾಡಿ ತಳ್ಳಲು ಕರೆದರು. ವಾಪಸ್ ಬಂದಾಗ ಗೆರೆ ಕಂಡಿತು, ಆಗಿದೆ ಅಂದುಕೊಂಡು ಜಾಕ್ ಎತ್ತಿಟ್ಟು ಕೀ ಕೊಟ್ಟೆ. ನನ್ನ ಗೆರೆಗೆ ನಾನೇ ಮೋಸಹೋದೆ.

ಚಿಕ್ಕಪ್ಪನಿಗೆ ಗೊತ್ತಿಲ್ಲ. ಮೇಸ್ತ್ರಿಗೆ ಗೊತ್ತು. ನಾನು ಎಡಚ, ನನ್ನ ಗೆರೆ ಉಲ್ಟಾ ವಾಲುತ್ತದೆ. ಸ್ಟೇಷನ್ನಿನ ಅಂಗಳದಲ್ಲಿ ಪೊಲೀಸರು ಅವರಿಗೆ ಚಕ್ರ ತೋರಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಬಗ್ಗಿ ನೋಡಿದರು. ಎದ್ದು ನನ್ನ ಮುಖ ನೋಡಿದರು. "ಆ ವ್ಯಾನಿನ ಜಾಬ್ ಕಾರ್ಡು ನನ್ನ ಹೆಸರಲ್ಲಿದೆ ಸಾರ್, ಜವಾಬ್ದಾರಿ ನನ್ನದು" ಅಂದರು, ಅಷ್ಟೇ. ಅದರ ಮರುದಿನ ನಾನು ರುಜು ಹಾಕಿದ್ದು.

ಇವತ್ತು ಅದನ್ನೂ ಹೇಳುತ್ತೇನೆ. ಒಳಗೆ ನೀನು ಎದ್ದ ಸದ್ದು ಕೇಳುತ್ತಿದೆ. ಬಂದು ಕೈ ಹಿಡಿದರೆ ನಿಂತುಬಿಡುತ್ತೇನೆ, ನನಗೆ ನನ್ನ ಮೇಲೆ ನಂಬಿಕೆ ಇಲ್ಲ. ಹೊರಟೆ. ಬಾಗಿಲು ಜೋರಾಗಿ ಬಡಿದೇ ಹೋಗುತ್ತೇನೆ.