ಕಡೆಯ ಪೀಪಾಯಿಯ ಮಾರ್ಕು

ಫಿಂಟಾಸ್, ಕುವೈತ್
2-10-1990

ಅಪ್ಪನ ಪಾದಗಳಿಗೆ ಲೋಕಯ್ಯನ ನಮಸ್ಕಾರ.

ಊರಿಗೆ ಹೊರಟ ಐತಪ್ಪಣ್ಣನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನಾನು ಸೌಖ್ಯ.

ನಾನು ಅಡುಗೆಗಿದ್ದ ಇಂಗ್ಲಿಷ್ ಸಾಹೇಬರ ಮನೆತನದ್ದು ಅವರ ಊರಿನಲ್ಲಿ ಬಿಯರ್ ತಯಾರಿಸುವ ಸಣ್ಣ ಕಾರ್ಖಾನೆ. ಕುಡಿತ ನಿಷೇಧವಿರುವ ಇಲ್ಲಿಯೂ ಅವರು ಬಚ್ಚಲಿನಲ್ಲಿ ಪೀಪಾಯಿ ಇಟ್ಟು ಅದೇ ಬಿಯರ್ ಹುಳಿಸುತ್ತಿದ್ದರು. ಕಳ್ಳು ಇಳಿಸುವವರ ಮಗನೆಂದು ನನ್ನಿಂದಲೇ ರುಚಿ ನೋಡಿಸಿ ಹತ್ತಕ್ಕೆ ಮಾರ್ಕು ಕೇಳುತ್ತಿದ್ದರು. ನಾನು ಆರರ ಮೇಲೆ ಕೊಟ್ಟವನೇ ಅಲ್ಲ. "ಹಾಗಾದ್ರೆ ನಿನ್ನಪ್ಪನ ಕಳ್ಳಿಗೆ ಎಷ್ಟು?" ಎಂದು ರೇಗುತ್ತಿದ್ದರು.

ಕಳೆದ ತಿಂಗಳು ಬಿಳಿಯರನ್ನು ಹುಡುಕುತ್ತಾ ಬಂದ ಇರಾಕಿ ಸೈನಿಕರು ಅವರನ್ನು ಹಿಡಿದುಕೊಂಡು ಹೋದರು. ಬಾಗಿಲಲ್ಲಿ ತಿರುಗಿ, "ಕಡೇ ಪೀಪಾಯಿ ನೀನೇ ತೆರೆ. ನಾನು ಬಂದ ಮೇಲೆ ಮಾರ್ಕು ಹೇಳು" ಎಂದರು.

ತೆರೆದೆ. ಹದವಾದ ಕಹಿ. ಒಂಬತ್ತು ಕೊಡಬಹುದು. ಆದರೆ ಅಭ್ಯಾಸಬಲದಿಂದ ಮೊದಲ ಗ್ಲಾಸನ್ನು ಅವರ ಪಾಲೆಂದು ಮೂಲೆಯಲ್ಲಿ ಇಟ್ಟುಬಿಟ್ಟಿದ್ದೆ, ನೀವು ತೀರಿಹೋದ ಹಿರಿಯರಿಗೆ ಇಡುವ ಹಾಗೆ. ಗಾಬರಿಯಾಗಿ ಅದನ್ನೂ ನಾನೇ ಕುಡಿದೆ.

ಇವತ್ತು ಕೆಳಗೆ ಕಾವಲಿರುವ ಸೈನಿಕನ ಕಾಲಲ್ಲಿ ಸಾಹೇಬರ ಕಂದು ಬೂಟು ಕಂಡೆ. ಅವರು ಅದನ್ನೇ ಹಾಕಿಕೊಂಡು ಹೋಗಿದ್ದರು.

ಅಮ್ಮನಿಗೆ ಇದನ್ನು ಓದಿ ಹೇಳಬೇಡಿ. ದೀಪಾವಳಿಗೆ ಹಿರಿಯರಿಗೆ ಬಡಿಸುವಾಗ, ಪಾಪ ಎನಿಸಿದರೂ, ಸಾಹೇಬರಿಗೆಂದು ಎಲೆ ಹಾಕಬೇಡಿ. ನಾನಿನ್ನೂ ಮಾರ್ಕು ಹೇಳಿಲ್ಲ.

ನಿಮ್ಮ ಮಗ,
ಲೋಕಯ್ಯ