ಖಾಲಿ ಜಾಗ, ಟೆಂಟ್ ಹಾಕಬಹುದು

ಒಳಗಿರು ತಿಂಗಳು, ತಾರೀಕು ನಲವತ್ತೊಂದು, ೨೧೩೧
ಕೋಟೆಬೇಲೆಯವರ ಶಿಬಿರ, ಘಟ್ಟದ ಬುಡ

ಧಾರವಾಡದ ವಿಶಾಲಾಕ್ಷಿಯವರಿಗೆ,

ಈ ತಾರೀಕು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಇಲ್ಲ, ನಾನು ನಿಮಗಿಂತ ನೂರು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಬೇಸಿಗೆಯ ಕೆಟ್ಟ ದಿನಗಳನ್ನೆಲ್ಲ ಕಿತ್ತು ನಾವು ಒಂದೇ ತಿಂಗಳು ಮಾಡಿದ್ದೇವೆ. ಅದಕ್ಕೆ 'ಒಳಗಿರು' ಎಂದು ಹೆಸರು. ಆ ಐವತ್ತು ದಿನ ಹಗಲು ಹೊತ್ತು ಯಾರೂ ಹೊರಗೆ ಕಾಲಿಡುವುದಿಲ್ಲ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, ನೆಲಕ್ಕೆ ಬೆನ್ನು ಹಚ್ಚಿ, ಸಂಜೆಯ ನೀರಿನ ಪಾಳಿಗೆ ಕಾಯುತ್ತ ಬಿದ್ದಿರುತ್ತೇವೆ. ಇದೇ ದಿನಗಳಿಗೆ ನೀವು ಬೇಸಿಗೆ ರಜೆ ಎನ್ನುತ್ತಿದ್ದಿರಂತೆ. ಡೇರೆ ಹೊತ್ತು ಕಡಲಿಗೆ ಹೋಗುತ್ತಿದ್ದಿರಂತೆ. ನೀವು ಬರೆದಿಟ್ಟದ್ದನ್ನು ಓದಿ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ನೀವೀಗ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು, ಕಾರವಾರದಿಂದ ತೆಂಕಕ್ಕೆ ನಾಲ್ಕು ದಿನದ ಪಟ್ಟಿ ಬರೆಯುತ್ತಿದ್ದೀರಿ. ಯಾವ ಕಡಲ ಉದ್ಯಾನದಲ್ಲಿ ಶೌಚಾಲಯ ಇದೆ, ಎಲ್ಲಿ ಕಾರು ನಿಲ್ಲಿಸಬಹುದು, ಖಡಕ್ ರೊಟ್ಟಿ ಎಷ್ಟು ಕಟ್ಟಬೇಕು. ಮೂರನೆಯ ದಿನಕ್ಕೆ ಉದ್ಯಾನ ಸಿಗಲಿಲ್ಲ. ಮೊಬೈಲ್ ನಕ್ಷೆಯಲ್ಲಿ ಬೋಳು ಮರಳು ಕಂಡಿತು. ಬರೆದಿರಿ: 'ಕೋಟೆಬೇಲೆ. ಖಾಲಿ ಜಾಗ, ಟೆಂಟ್ ಹಾಕಬಹುದು.'

ಅದು ನಾವು ಮೀನು ಒಣಗಿಸುವ ಜಾಗ. ನಕ್ಷೆಯ ಆ ಚಿತ್ರ ಮಳೆ ಬಿಟ್ಟ ಕೂಡಲೇ ತೆಗೆದದ್ದು. ಚಾಪೆ ಹಾಸಿರಲಿಲ್ಲ ಅಷ್ಟೆ. ನೀವು ಬರುವ ಹೊತ್ತಿಗೆ ಆ ಮರಳಿನ ಮೇಲೆ ಇಡೀ ಕೇರಿಯ ಮಳೆಗಾಲದ ಊಟ ಒಣಗುತ್ತಿರುತ್ತದೆ. ನನ್ನ ಅಜ್ಜಿಯ ಅಜ್ಜಿ ಗುಲಾಬಿ ಖಾರ್ವಿ ಕಾಗೆ ಓಡಿಸುವ ಕೋಲು ಹಿಡಿದೇ ಬರುತ್ತಾಳೆ. "ಹ್ವಾಯ್, ಇದ್ ಖಾಲಿ ಅಲ್ಲ ಮರ್ರೆ, ನಮ್ ಅಡ್ಗಿ ಮನಿ!" ನಿಮ್ಮ ಯಜಮಾನರು ನಗುತ್ತಾರೆ. "ಎರಡ ದಿನದ ಮಾತ್ರೀ ಅವ್ವಾರ, ನಾವೇನ್ ಹೊತ್ಕೊಂಡ ಹೋಗ್ತೀವೇನು?" ಅವಳು ಅನ್ನುತ್ತಾಳೆ: "ಹೊತ್ಕಂಡ್ ಹೋಪುದ್ ನೀವಲ್ಲ, ನಿಮ್ ಹಿಂದ್ ಬಪ್ಪೋರ್." ಅಂದವಳೇ ಬಾವಿಯಿಂದ ನಿಮಗೆ ಎರಡು ಕೊಡ ನೀರು ಸೇದಿ ಕೊಡುತ್ತಾಳೆ. ನಮ್ಮ ಮನೆಯಲ್ಲಿ ಈ ಮಾತು ಐದು ತಲೆಮಾರು ದಾಟಿ ಬಂದಿದೆ. ಬರಹದಲ್ಲಿ ಮಾತ್ರ ಎಲ್ಲಿಯೂ ಇಲ್ಲ.

ಇರುವುದು ನಿಮ್ಮ ಪಟ್ಟಿ. ಊರಿಗೆ ಮರಳಿದ ಮೇಲೆ ಅದನ್ನು ಇಂಟರ್‌ನೆಟ್ಟಿಗೆ ಹಾಕುತ್ತೀರಿ. ಸಾವಿರ ಜನ ನಕಲು ಮಾಡುತ್ತಾರೆ. ಸರ್ವೆಗೆ ಬಂದವರೂ ಅದನ್ನೇ ನೋಡಿ 'ಖಾಲಿ' ಎಂದು ಬರೆದುಕೊಳ್ಳುತ್ತಾರೆ. ಖಾಲಿ ಜಾಗ ಉದ್ಯಾನವಾಯಿತು, ಬೇಲಿ ಬಂತು. ನಮ್ಮ ಹೆಂಗಸರು ಟಿಕೆಟ್ ಕೊಂಡು ತಮ್ಮ ಅಂಗಳಕ್ಕೆ ಹೋಗಬೇಕಾಯಿತು. ಕೇಳಿದರೆ ಲಾಠಿ.

ಆಮೇಲೆ ಕಡಲೇ ಬಂತು. ಬೇಲಿಯನ್ನೂ ನುಂಗಿತು, ನಮ್ಮನ್ನೂ ಅಟ್ಟಿತು. ಈಗ ಘಟ್ಟದ ಮೇಲೆ 'ಮೇಲ್ದಡ' ಕೊಡುತ್ತಿದ್ದಾರೆ. ಅಂದರೆ ಊರು ಮುಳುಗಿದವರಿಗೆ ಬದಲಿ ನೆಲ. ಊರಿತ್ತು ಎಂದು ನಿಮ್ಮ ಕಾಲದ ಬರಹ ತೋರಿಸಬೇಕು. ಹೋದ ವಾರದ ವಿಚಾರಣೆಯಲ್ಲಿ ಅಧಿಕಾರಿ ನಿಮ್ಮ ಸಾಲನ್ನು ಗಟ್ಟಿಯಾಗಿ ಓದಿದ. ಮತ್ತೆ ಅಮ್ಮನನ್ನು ಕೇಳಿದ: "ಖಾಲಿ ಜಾಗದಿಂದ ನೀವೆಲ್ಲ ಹೇಗೆ ಬಂದಿರಿ?" ಅರವತ್ತೊಂಬತ್ತು ವರ್ಷದ ನನ್ನಮ್ಮ ಚಂದ್ರಾವತಿ, ಉಪ್ಪು ತಿಂದ ಎರಡೂ ಕೈಗಳನ್ನು ಅವನ ಮೇಜಿನ ಮೇಲೆ ಇಟ್ಟಳು. ಕೈಗಳು ಬರಹವಲ್ಲ, ಎಂದ ಅವನು.

ಪ್ರವಾಸ ನಿಲ್ಲಿಸಿ ಎನ್ನುವುದಿಲ್ಲ. ಬನ್ನಿ, ಈಜಿ, ನಮ್ಮ ಪಾಲಿನ ಕಡಲನ್ನೂ ನೋಡಿ ಹೋಗಿ. ಆ ಒಂದು ಸಾಲನ್ನು ಮಾತ್ರ ಹೊಡೆದುಹಾಕಿ. ಬಂದಾಗ ಮರಳಿನ ಮೇಲೆ ಕೂತವರ ಹೆಸರು ಕೇಳಿ, ಎಲ್ಲರದ್ದೂ ಬರೆದುಕೊಳ್ಳಿ. ಅಷ್ಟಾದರೆ ಇಲ್ಲಿನ ಕಡತವೂ ಬೇರೆ ಮಾತಾಡುತ್ತದೆ.

ನಾಳೆ ಕೊನೆಯ ವಿಚಾರಣೆ. ಸೋತರೆ ಮುನ್ನೂರ ಹನ್ನೆರಡು ಜನರನ್ನು ಲಾರಿಗೆ ತುಂಬಿ ಎಲ್ಲಿಗೋ ಸಾಗಿಸುತ್ತಾರೆ. ಎಲ್ಲಿಗೆ ಎಂದು ಹೇಳಿಲ್ಲ. ಉಳಿದವರೆಲ್ಲ ಗಂಟು ಕಟ್ಟಿದ್ದಾರೆ. ಅಮ್ಮ ಕಟ್ಟಿಲ್ಲ. ಆ ಹೆಂಗಸು ಬರೆದೇ ಬರೆಯುತ್ತಾಳೆ ಎಂದು ಹಠ ಹಿಡಿದು ಕೂತಿದ್ದಾಳೆ.

ನಿಮ್ಮ,
ತಾರಾಮತಿ ಖಾರ್ವಿ