ಕಡಲಿಲ್ಲದ ಕಡಲವೀರ

ಭಾನುವಾರ, 23 ಆಗಸ್ಟ್ 1998
ಮರ್ಫಿ ಟೌನ್

ನಿನ್ನೆ ಜೆರಾಕ್ಸ್ ಮಾಡಿಸಿದ ನನ್ನ ಕಾಮಿಕ್ಸಿನ ನಲವತ್ತು ಪ್ರತಿಗಳಲ್ಲೂ ಕಡಲೇ ಇಲ್ಲ! ನೀರನ್ನೆಲ್ಲ ತಿಳಿನೀಲಿ ಪೆನ್ಸಿಲ್ಲಿನಲ್ಲಿ ಬಿಡಿಸಿದ್ದೆ; ಆ ಯಂತ್ರಕ್ಕೆ ತಿಳಿನೀಲಿ ಕಾಣುವುದೇ ಇಲ್ಲವಂತೆ. ನನ್ನ ಕಡಲವೀರ ಮೀನುಗಳ ಜೊತೆ ಬರಿಗಾಳಿಯಲ್ಲಿ ಈಜುತ್ತಿದ್ದಾನೆ.

ಬೆಳಿಗ್ಗೆ ಅಳುತ್ತ ಕೂತಿದ್ದಾಗ ಸುಗತ ಬಂದ. ಕಥೆಯ ಕೊನೆಯನ್ನು ಇಡೀ ಕ್ಲಾಸಿಗೆ ಮೊದಲೇ ಹೇಳಿಬಿಟ್ಟ ದ್ರೋಹಿ. ಹದಿನೈದು ದಿನದಿಂದ ಅವನ ಜೊತೆ ಮಾತು ಬಿಟ್ಟಿದ್ದೆ. ಪುಟ ನೋಡಿದವನೇ ಅಮ್ಮನನ್ನು ಕೇಳಿದ: "ಆಂಟಿ, ಬಟ್ಟೆಗೆ ಹಾಕೋ ನೀಲಿ ಇದ್ಯಾ?"

ಸಂಜೆಯವರೆಗೂ ಇಬ್ಬರೂ ಹತ್ತಿಯಲ್ಲಿ ನೀಲಿ ಬಳಿದೆವು. ಅಮ್ಮ ಹಾಳೆಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದಳು. ಗಲ್ಲಿಯ ತುಂಬ ಕಡಲು ತೂಗಾಡಿತು.

ವೀರನಿಗೆ ಮೋಸ ಮಾಡುವ ಮಾಂತ್ರಿಕನ ಪುಟ ಬಂದಾಗ ಸುಗತನ ಕೈ ನಿಂತಿತು.

"ಇದು ನನ್ನ ಮೂಗಲ್ವೇನೇ?"

"ಹೂಂ."

ಜೋರಾಗಿ ನಕ್ಕ. ಆಮೇಲೆ ಮೆಲ್ಲಗೆ, "ಸಾರಿ ಕಣೇ" ಅಂದ.

ಕಥೆಯಲ್ಲಿ ಆ ಮಾಂತ್ರಿಕ ಕೊನೆಗೆ ಶಂಖದೊಳಗೆ ಶಾಶ್ವತವಾಗಿ ಸೆರೆಯಾಗುತ್ತಾನೆ. ಈಗ ಒಂದೊಂದು ಪ್ರತಿಯಲ್ಲೂ ಅವನನ್ನು ಹೊರಗೆಳೆಯುವ ವೀರನ ಕೈಯನ್ನು ಪೆನ್ನಿನಲ್ಲಿ ಬಿಡಿಸುತ್ತಿದ್ದೇನೆ. ಇಪ್ಪತ್ತೆಂಟು ಆಯಿತು, ಕಣ್ಣು ಎಳೆಯುತ್ತಿದೆ. ನಾಳೆ ಕ್ಲಾಸಿನವರೆಲ್ಲ ಸುಗತನ ಕಾಲರ್ ಹಿಡಿಯುತ್ತಾರೆ: "ಲೋ, ನೀನು ಹೇಳಿದ ಎಂಡಿಂಗೇ ಇದ್ರಲ್ಲಿಲ್ವಲ್ಲೋ!"